ಲೆಕ್ಕ ಸರಿ, ಉತ್ತರ ತಪ್ಪು: ಮರ್ಸಿಯಾ ರಾಜ್ಯದಿಂದ ನಮ್ಮ ಪಾಠ ಯೋಜನೆಗೆ ಒಂದು ಪ್ರಶ್ನೆ

ಅಭ್ಯಾಸ ಬೋಧನೆಯ ಮೂರನೇ ವಾರ. ಒಂಬತ್ತನೇ ತರಗತಿಗೆ ಪರಮಾಣುವಿನ ರಚನೆ ಪಾಠದಲ್ಲಿ ಸಮಸ್ಥಾನಿಗಳ ಉಪಯೋಗ ಹೇಳುತ್ತಿದ್ದೆ. ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5730 ವರ್ಷ, ಅರ್ಧ ಉಳಿದಿದ್ದರೆ ಇಷ್ಟು ಹಳೆಯದು, ಕಾಲು ಭಾಗ ಉಳಿದಿದ್ದರೆ ಇಷ್ಟು ಎಂದು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಎಲ್ಲರಿಗೂ ಉತ್ತರ ಬಂತು. ಪುನರಾವಲೋಕನಕ್ಕೆ ಹೋಗಬೇಕು ಅನ್ನುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಮಿಸ್, ಲೆಕ್ಕ ಸರಿ ಇದ್ದು ಉತ್ತರ ತಪ್ಪಾಗೋದು ಉಂಟಾ?"

ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ಅಂದು ಸಂಜೆ ಗ್ರಂಥಾಲಯದಲ್ಲಿ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಂಗ್ಲೆಂಡಿನ ರೆಪ್ಟನ್ ಎಂಬ ಊರು. ಅದರ ಹಿಂದೆಯೇ ಮರ್ಸಿಯಾ ಎಂಬ ಹಳೆಯ ರಾಜ್ಯ. ಮರುದಿನ ಹನ್ನೆರಡು ನಿಮಿಷ ಆ ಕಥೆ ಹೇಳಿದೆ. ಮಕ್ಕಳು ಕೇಳಿದರು, ಇನ್ನೂ ನಾಲ್ಕು ಪ್ರಶ್ನೆ ಹಾಕಿದರು. ವೀಕ್ಷಣಾ ಪುಸ್ತಕದಲ್ಲಿ ಮಾತ್ರ ಷರಾ ಹೀಗಿತ್ತು: ವಿಷಯಾಂತರವಾಗಿದೆ, ಪಠ್ಯಕ್ಕೆ ಸೀಮಿತವಾಗಿರಿ.

ಷರಾ ಬರೆದವರ ಬಗ್ಗೆ ನನಗೆ ಗೌರವವಿದೆ. ನಲವತ್ತು ನಿಮಿಷದಲ್ಲಿ ಘಟಕ ಮುಗಿಸುವ ಕಷ್ಟ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಆ ಹನ್ನೆರಡು ನಿಮಿಷ ವಿಷಯಾಂತರವಾಗಿರಲಿಲ್ಲ, ಅದೇ ವಿಷಯವಾಗಿತ್ತು ಎಂದು ಹೇಳುವುದಕ್ಕೆ ಈ ಲೇಖನ. ವಿಜ್ಞಾನವಾಗಲಿ ಇತಿಹಾಸವಾಗಲಿ, "ಇದು ನಮಗೆ ಹೇಗೆ ಗೊತ್ತು?" ಎಂಬ ಪ್ರಶ್ನೆಗೆ ನಮ್ಮ ಪಾಠ ಯೋಜನೆಯಲ್ಲಿ ಒಂದು ಕಾಯಂ ಜಾಗ ಬೇಕು. ಅದಕ್ಕೆ ಮರ್ಸಿಯಾಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೀನು ತಿಂದವರ ಮೂಳೆ

ಆಂಗ್ಲೋ-ಸ್ಯಾಕ್ಸನ್ ಕಾಲದ ಇಂಗ್ಲೆಂಡು ಒಂದೇ ದೇಶವಾಗಿರಲಿಲ್ಲ, ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ಉತ್ತರದಲ್ಲಿ ನಾರ್ಥಂಬ್ರಿಯಾ, ದಕ್ಷಿಣದಲ್ಲಿ ವೆಸೆಕ್ಸ್, ನಡುವೆ ಟ್ರೆಂಟ್ ನದಿಯ ಕಣಿವೆಯಲ್ಲಿ ಮರ್ಸಿಯಾ. ಗಡಿಯ ಜನ ಎಂಬುದು ಆ ಹೆಸರಿನ ಅರ್ಥ. ಟ್ಯಾಮ್‌ವರ್ತ್‌ನಲ್ಲಿ ಅರಮನೆ, ಲಿಚ್‌ಫೀಲ್ಡ್‌ನಲ್ಲಿ ಬಿಷಪ್ಪರ ಪೀಠ, ರೆಪ್ಟನ್‌ನಲ್ಲಿ ರಾಜರನ್ನು ಹೂಳುತ್ತಿದ್ದ ಮಠ. ಕ್ರಿ.ಶ. 873ರ ಚಳಿಗಾಲದಲ್ಲಿ ವೈಕಿಂಗರ ದೊಡ್ಡ ಸೈನ್ಯ ಬಂದು ರೆಪ್ಟನ್‌ನಲ್ಲೇ ಬೀಡುಬಿಟ್ಟಿತು. ರಾಜ ಬರ್ಗ್ರೆಡ್ ರಾಜ್ಯ ಬಿಟ್ಟು ರೋಮಿಗೆ ಹೋದ.

1974ರಿಂದ 1988ರವರೆಗೆ ರೆಪ್ಟನ್‌ನಲ್ಲಿ ಉತ್ಖನನ ನಡೆಯಿತು. ಒಂದು ದಿಬ್ಬದ ಕೆಳಗೆ ಕನಿಷ್ಠ 264 ಜನರ ಮೂಳೆಗಳು ರಾಶಿಯಾಗಿ ಸಿಕ್ಕವು. ಜೊತೆಗಿದ್ದ ಬೆಳ್ಳಿ ನಾಣ್ಯಗಳು 870ರ ದಶಕದ ಮೊದಲ ವರ್ಷಗಳವು. ಹಾಗಾದರೆ ಇದು ವೈಕಿಂಗ್ ಸೈನ್ಯದವರದೇ ಸಮಾಧಿ ಇರಬೇಕು. ಆದರೆ ಮೂಳೆಗಳಿಗೆ ರೇಡಿಯೊ ಕಾರ್ಬನ್ ಪರೀಕ್ಷೆ ಮಾಡಿದಾಗ ಕೆಲವು ಏಳನೇ, ಎಂಟನೇ ಶತಮಾನದವು ಎಂದು ಬಂತು. ಅಂದರೆ ವೈಕಿಂಗರು ಬರುವ ನೂರು, ಇನ್ನೂರು ವರ್ಷ ಮೊದಲಿನವು. ಹಳೆಯ ಮಠದ ಸ್ಮಶಾನದ ಮೂಳೆಗಳೂ ಬೆರೆತಿವೆ ಎಂದು ಬಹಳ ಕಾಲ ಅಂದುಕೊಂಡಿದ್ದರು.

2018ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಬಿಟ್ಟು ಅದರ ಹಿಂದಿದ್ದ ಊಹೆಯನ್ನು ಮುಟ್ಟಿ ನೋಡಿದರು. ನಾವು ಕಪ್ಪುಹಲಗೆಯ ಮೇಲೆ ಮಾಡಿಸುವ ಲೆಕ್ಕದಲ್ಲಿ, ಜೀವಿಯ ದೇಹದ ಇಂಗಾಲವೆಲ್ಲ ಆ ಕಾಲದ ಗಾಳಿಯಿಂದಲೇ ಬಂದದ್ದು ಎಂದು ಹೇಳದೆಯೇ ಒಪ್ಪಿಕೊಂಡಿರುತ್ತೇವೆ. ನೆಲದ ಬೆಳೆ ತಿಂದವರಿಗೆ ಅದು ಸರಿ. ಸಮುದ್ರದ ಆಳದ ನೀರು ಮಾತ್ರ ಗಾಳಿಯೊಂದಿಗೆ ಬೇಗ ಬೆರೆಯುವುದಿಲ್ಲ. ಅದರಲ್ಲಿರುವ ಇಂಗಾಲ ಹಳೆಯದು, ಕಾರ್ಬನ್-14 ಅದರಲ್ಲಿ ಆಗಲೇ ಕಡಿಮೆಯಾಗಿರುತ್ತದೆ. ಅದೇ ಇಂಗಾಲ ಮೀನಿಗೆ, ಮೀನಿನಿಂದ ಮನುಷ್ಯನಿಗೆ. ಹೀಗಾಗಿ ಸಮುದ್ರದ ಮೀನು ಹೆಚ್ಚು ತಿಂದವನ ಮೂಳೆ ತನ್ನ ನಿಜವಾದ ವಯಸ್ಸಿಗಿಂತ ಹಳೆಯದಾಗಿ ತೋರುತ್ತದೆ. ಯಾರು ಎಷ್ಟು ಮೀನು ತಿಂದಿದ್ದರು ಎಂಬುದು ಮೂಳೆಯಲ್ಲಿರುವ ಇಂಗಾಲ, ಸಾರಜನಕಗಳ ಸ್ಥಿರ ಸಮಸ್ಥಾನಿಗಳಿಂದ ತಿಳಿಯುತ್ತದೆ. ಅದನ್ನು ಸೇರಿಸಿ ತಿದ್ದಿದ ಮೇಲೆ ಆ ಮೂಳೆಗಳ ಕಾಲವೆಲ್ಲ ಒಂಬತ್ತನೇ ಶತಮಾನದ ಕೊನೆಗೆ, ವೈಕಿಂಗರು ಅಲ್ಲಿದ್ದ ಕಾಲಕ್ಕೆ ಹೊಂದಿಕೊಂಡಿತು.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದೇ ಉತ್ತರ. ಉಂಟು, ಲೆಕ್ಕ ಸರಿ ಇದ್ದೂ ಉತ್ತರ ತಪ್ಪಾಗುತ್ತದೆ. ತಪ್ಪು ಲೆಕ್ಕದ ಒಳಗೆ ಇರುವುದಿಲ್ಲ, ಅದಕ್ಕೂ ಮೊದಲು ನಾವು ಕೇಳದೆ ಬಿಟ್ಟ ಜಾಗದಲ್ಲಿ ಇರುತ್ತದೆ. ಇದನ್ನು ತಿಳಿಯದ ಮಗುವಿಗೆ ಅರ್ಧಾಯುಷ್ಯದ ಸೂತ್ರ ಬಂದಿರಬಹುದು, ವಿಜ್ಞಾನ ಬಂದಿದೆ ಎನ್ನಲಾರೆ.

ಶತ್ರುಗಳು ಬರೆದ ಇತಿಹಾಸ

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮರ್ಸಿಯಾ ಬಗ್ಗೆ ಓದುತ್ತಾ ಹೋದಂತೆ ಇದೇ ತೊಂದರೆ ಬರಹದ ಆಧಾರಗಳಲ್ಲೂ ಕಂಡಿತು. ಎಂಟನೇ ಶತಮಾನದ ಬಹುಭಾಗ ದಕ್ಷಿಣ ಇಂಗ್ಲೆಂಡಿನಲ್ಲಿ ಮರ್ಸಿಯಾಗೆ ಸಮನಾದ ರಾಜ್ಯ ಇರಲಿಲ್ಲ. ಏಥೆಲ್‌ಬಾಲ್ಡ್ (716–757) ಮತ್ತು ಆಫಾ (757–796) ಇಬ್ಬರೇ ಸೇರಿ ಎಂಬತ್ತು ವರ್ಷ ಆಳಿದರು. ಇಷ್ಟಾದರೂ ಮರ್ಸಿಯಾದವರೇ ಬರೆದ, ಆ ರಾಜ್ಯದ ಆದ್ಯಂತ ಕಥೆ ಹೇಳುವ ಒಂದು ಇತಿಹಾಸ ಗ್ರಂಥ ಉಳಿದುಬಂದಿಲ್ಲ. ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನ ಭಾಗ ಅಕ್ಕಪಕ್ಕದ ರಾಜ್ಯಗಳವರು ಬರೆದದ್ದು. ಆ ನೆರೆಯವರ ಜೊತೆಗೇ ಮರ್ಸಿಯಾ ಯುದ್ಧ ಮಾಡುತ್ತಿತ್ತು.

ಏಳನೇ ಶತಮಾನದ ಪೆಂಡಾನನ್ನು ನೋಡಿ. ಕ್ರೈಸ್ತನಾಗದ ಮರ್ಸಿಯಾದ ಅರಸು. 633ರಲ್ಲಿ ನಾರ್ಥಂಬ್ರಿಯಾದ ರಾಜ ಎಡ್ವಿನ್‌ನನ್ನು ಕೊಂದ ಯುದ್ಧದಲ್ಲಿ ಅವನೂ ಇದ್ದ. 642ರಲ್ಲಿ ಇನ್ನೊಬ್ಬ ನಾರ್ಥಂಬ್ರಿಯಾ ರಾಜ ಓಸ್ವಾಲ್ಡ್ ಪೆಂಡಾನ ಎದುರು ಸತ್ತ. 655ರಲ್ಲಿ ಪೆಂಡಾನೇ ನಾರ್ಥಂಬ್ರಿಯಾದವರ ಕೈಯಲ್ಲಿ ಸತ್ತ. ಈ ಕಥೆ ನಮಗೆ ಬಂದಿರುವುದು ಮುಖ್ಯವಾಗಿ ಬೀಡ್ ಎಂಬ ಸನ್ಯಾಸಿಯಿಂದ. ಬೀಡ್ ನಾರ್ಥಂಬ್ರಿಯಾದವರು, ಪೆಂಡಾ ಸತ್ತಮೇಲೆ ಹುಟ್ಟಿದವರು, ಗ್ರಂಥ ಮುಗಿಸಿದ್ದು 731ರಲ್ಲಿ. ಓಸ್ವಾಲ್ಡ್ ಅವರಿಗೆ ಸಂತ. ಸಂತನನ್ನು ಕೊಂದವನು ಆ ಗ್ರಂಥದಲ್ಲಿ ಹೇಗೆ ಕಾಣಬೇಕೋ ಪೆಂಡಾ ಹಾಗೆಯೇ ಕಾಣುತ್ತಾನೆ.

ಬೀಡ್ ಸುಳ್ಳು ಬರೆದರು ಎಂದು ಇದರ ಅರ್ಥವಲ್ಲ. ಅವರ ಮುನ್ನುಡಿಯನ್ನು ಶಿಕ್ಷಕರಾಗುವವರು ಓದಬೇಕು. ಯಾವ ಪ್ರಾಂತ್ಯದ ಸುದ್ದಿ ಯಾರಿಂದ ತಿಳಿಯಿತು ಎಂದು ಅಲ್ಲಿ ಹೇಳಿಕೊಂಡಿದ್ದಾರೆ. ಮರ್ಸಿಯಾ ಕ್ರೈಸ್ತವಾದ ಬಗ್ಗೆ ಹೇಳಿದವರು ಲಾಸ್ಟಿಂಗ್‌ಹ್ಯಾಮ್ ಮಠದವರಂತೆ. ಆ ಮಠ ಇರುವುದು ನಾರ್ಥಂಬ್ರಿಯಾದಲ್ಲಿ! ಆಧಾರವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದರಿಂದಲೇ ಅದರ ಮಿತಿಯೂ ನಮಗೆ ಕಾಣುತ್ತದೆ. ಇನ್ನೊಂದು ಸಂಗತಿಯನ್ನೂ ಅವರು ಮುಚ್ಚಿಡಲಿಲ್ಲ. ತನ್ನ ರಾಜ್ಯದಲ್ಲಿ ಕ್ರೈಸ್ತ ಧರ್ಮ ಬೋಧಿಸಲು ಪೆಂಡಾ ಅಡ್ಡಿ ಮಾಡಲಿಲ್ಲ, ಕ್ರೈಸ್ತರಾಗಿಯೂ ಅದರಂತೆ ನಡೆಯದವರನ್ನು ಮಾತ್ರ ಹೀನಾಯವಾಗಿ ಕಾಣುತ್ತಿದ್ದ ಎಂದು ಬೀಡ್ ಬರೆದಿದ್ದಾರೆ. ಶತ್ರುವಿನ ಬಗ್ಗೆ ಶತ್ರುಪಕ್ಷದವರೇ ಬರೆದ ಒಳ್ಳೆಯ ಮಾತಿಗೆ ಹೆಚ್ಚು ತೂಕ. ಎಂಟನೇ ತರಗತಿಯ ಮಗುವಿಗೂ ಇದು ಅರ್ಥವಾಗುತ್ತದೆ, ಆಟದ ಮೈದಾನದಲ್ಲಿ ಅದಕ್ಕೆ ದಿನಾ ಅನುಭವವಿದೆ.

ನಾಣ್ಯ ಹೇಳಿದ ಬೇರೆ ಮಾತು

ಮೂಳೆಯ ಲೆಕ್ಕದಂತೆಯೇ ಬರಹವೂ ತಿದ್ದುಪಡಿಗೆ ಒಳಗಾದ ಪ್ರಸಂಗ ಒಂದಿದೆ. 874ರಲ್ಲಿ ಬರ್ಗ್ರೆಡ್ ಹೋದ ಮೇಲೆ ಮರ್ಸಿಯಾದ ರಾಜನಾದವನು ಎರಡನೇ ಚಿಯೋಲ್ವುಲ್ಫ್. ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಎಂಬ ಪ್ರಸಿದ್ಧ ವಾರ್ಷಿಕ ದಾಖಲೆ ಅವನನ್ನು ರಾಜನೊಬ್ಬನ ಬುದ್ಧಿಯಿಲ್ಲದ ಸೇವಕ ಎಂದು ಹೀಗಳೆಯುತ್ತದೆ. ವೈಕಿಂಗರು ಕೇಳಿದ ದಿನ ರಾಜ್ಯ ಒಪ್ಪಿಸುತ್ತೇನೆಂದು ಆಣೆ ಮಾಡಿ, ಒತ್ತೆಯಾಳುಗಳನ್ನು ಕೊಟ್ಟು ಗದ್ದುಗೆ ಏರಿದ ಎನ್ನುತ್ತದೆ. ಬಹುಕಾಲ ಪುಸ್ತಕಗಳಲ್ಲಿ ಅವನು ವೈಕಿಂಗರ ಕೈಗೊಂಬೆ.

2015ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ವಾಟ್ಲಿಂಗ್ಟನ್ ಹತ್ತಿರದ ಹೊಲದಲ್ಲಿ ಒಂದು ನಿಧಿ ಸಿಕ್ಕಿತು. ಸುಮಾರು 200 ನಾಣ್ಯ, ಜೊತೆಗೆ ಬೆಳ್ಳಿಯ ಗಟ್ಟಿ, ಕೆಲವು ಒಡವೆ. ಈಗ ಅದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನಾಣ್ಯಗಳಲ್ಲಿ ಕೆಲವು ವೆಸೆಕ್ಸ್‌ನ ಆಲ್ಫ್ರೆಡ್ ಹೆಸರಿನವು, ಕೆಲವು ಚಿಯೋಲ್ವುಲ್ಫ್ ಹೆಸರಿನವು. ಎರಡರ ಅಚ್ಚಿನ ಮಾದರಿ ಒಂದೇ. ಒಂದು ಮಾದರಿಯಲ್ಲಿ ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತಿರುವ ಚಿತ್ರ, ಹಳೆಯ ರೋಮನ್ ನಾಣ್ಯ ನೋಡಿ ಮಾಡಿದ್ದು. ಇದಕ್ಕೂ ಮೊದಲಿನ ನಾಣ್ಯಗಳಲ್ಲಿ ಬೆಳ್ಳಿ ತೀರಾ ಕಡಿಮೆಯಾಗಿತ್ತು. ಇವರಿಬ್ಬರ ಕಾಲದಲ್ಲಿ ಎರಡೂ ರಾಜ್ಯಗಳಲ್ಲಿ ಹೆಚ್ಚು ಬೆಳ್ಳಿಯ ಹೊಸ ನಾಣ್ಯ ಬಂತು. ಎರಡು ರಾಜ್ಯಗಳು ಒಂದೇ ಮಾದರಿಯ, ಒಂದೇ ರೀತಿ ಸುಧಾರಿಸಿದ ನಾಣ್ಯ ಹೊರಡಿಸಬೇಕಾದರೆ ನಡುವೆ ಮಾತುಕತೆ, ಒಪ್ಪಂದ ಇರಲೇಬೇಕು. 875ರ ದಾನಪತ್ರಗಳಲ್ಲೂ ಚಿಯೋಲ್ವುಲ್ಫ್ ಮರ್ಸಿಯಾದವರ ರಾಜನೆಂದೇ ಕರೆಸಿಕೊಂಡಿದ್ದಾನೆ.

ಹಾಗಾದರೆ ವೃತ್ತಾಂತ ಹಾಗೇಕೆ ಬರೆಯಿತು? ಅದು ಸಂಕಲನವಾದದ್ದು 890ರ ದಶಕದಲ್ಲಿ, ಆಲ್ಫ್ರೆಡ್ ಆಳುತ್ತಿದ್ದ ವೆಸೆಕ್ಸ್‌ನಲ್ಲಿ. ಅಷ್ಟು ಹೊತ್ತಿಗೆ ಚಿಯೋಲ್ವುಲ್ಫ್ ಇರಲಿಲ್ಲ. ಮರ್ಸಿಯಾದ ಹೊಸ ಒಡೆಯ ಏಥೆಲ್‌ರೆಡ್, ಆಲ್ಫ್ರೆಡ್‌ನನ್ನು ತನ್ನ ಮೇಲಿನವನೆಂದು ಒಪ್ಪಿಕೊಂಡಿದ್ದ. ಹಿಂದಿನ ರಾಜ ಸರಿಯಾದ ರಾಜನೇ ಅಲ್ಲ ಎಂದಾದರೆ ವೆಸೆಕ್ಸ್‌ನ ಹಿರಿತನಕ್ಕೆ ಅನುಕೂಲ. ಬರೆದ ವರ್ಷ, ಬರೆದ ಜಾಗ, ಬರೆಸಿದ ಆಸ್ಥಾನ ಈ ಮೂರನ್ನು ಕೇಳಿದ ಕೂಡಲೇ ವಾಕ್ಯದ ಬಣ್ಣ ಬದಲಾಗುತ್ತದೆ.

ಆಲ್ಫ್ರೆಡ್‌ನ ಮಗಳು ಏಥೆಲ್‌ಫ್ಲೆಡ್‌ಗೆ ಆದದ್ದು ಇನ್ನೊಂದು ಬಗೆ. ಅವಳ ಗಂಡನೇ ಆ ಏಥೆಲ್‌ರೆಡ್. ಗಂಡ ಸತ್ತ ಮೇಲೆ ಅವಳೇ ಮರ್ಸಿಯಾ ಆಳಿದಳು. 913ರಲ್ಲಿ ಟ್ಯಾಮ್‌ವರ್ತ್, ಸ್ಟಾಫರ್ಡ್‌ಗಳಲ್ಲಿ ಕೋಟೆ ಕಟ್ಟಿಸಿದಳು, 917ರಲ್ಲಿ ಡಾರ್ಬಿಯನ್ನು ವೈಕಿಂಗರಿಂದ ಬಿಡಿಸಿಕೊಂಡಳು, 918ರಲ್ಲಿ ತೀರಿಕೊಂಡಳು. ವೃತ್ತಾಂತದ ವೆಸೆಕ್ಸ್ ಪ್ರತಿಯಲ್ಲಿ ಈ ಕೆಲಸಗಳೆಲ್ಲ ಬಹುತೇಕ ಕಾಣುವುದಿಲ್ಲ, ಅಲ್ಲಿ ಎದ್ದು ಕಾಣುವವನು ಅವಳ ತಮ್ಮ ಎಡ್ವರ್ಡ್. ಬೇರೆ ಕೆಲವು ಪ್ರತಿಗಳಲ್ಲಿ ಸೇರಿಕೊಂಡು ಉಳಿದ ಮರ್ಸಿಯಾದ ಒಂದು ಚಿಕ್ಕ ದಾಖಲೆಯಿಂದ ಅವು ನಮಗೆ ತಿಳಿಯುತ್ತವೆ. ಅವಳ ಮಗಳು ಏಲ್ಫ್‌ವಿನ್‌ಳಿಂದ ಅಧಿಕಾರ ಕಿತ್ತುಕೊಂಡು ವೆಸೆಕ್ಸ್‌ಗೆ ಕರೆದೊಯ್ದರು ಎಂದು ಹೇಳುವುದೂ ಆ ಚಿಕ್ಕ ದಾಖಲೆಯೇ. ನಾಲ್ಕು ಹಾಳೆ ಕಳೆದುಹೋಗಿದ್ದರೆ ಒಂದು ಆಳ್ವಿಕೆಯೇ ಮಸುಕಾಗುತ್ತಿತ್ತು.

ವಸ್ತುವೂ ತಾನಾಗಿ ಮಾತಾಡುವುದಿಲ್ಲ

ವಿಜ್ಞಾನದವಳಾದ ನನಗೆ ಇಲ್ಲೊಂದು ಆಸೆ ಹುಟ್ಟಿತು: ಬರಹ ಪಕ್ಷಪಾತಿ, ವಸ್ತು ಪ್ರಾಮಾಣಿಕ ಎಂದು ತೀರ್ಮಾನಿಸಿಬಿಡುವ ಆಸೆ. ಇತಿಹಾಸ ಬೋಧನಾಶಾಸ್ತ್ರ ತೆಗೆದುಕೊಂಡ ಗೆಳತಿ ನಕ್ಕು ಹೇಳಿದಳು, "ನಾಣ್ಯ ಅಚ್ಚು ಹಾಕಿಸಿದವನೂ ರಾಜನೇ ಅಲ್ಲವೇನೇ?" ಅವಳ ಮಾತು ನಿಜ. ಅಕ್ಕಪಕ್ಕ ಕುಳಿತ ಇಬ್ಬರು ಚಕ್ರವರ್ತಿಗಳ ಚಿತ್ರ ಆ ರಾಜರು ಜನರಿಗೆ ತೋರಿಸಲು ಬಯಸಿದ್ದು. ಅವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ಆಫಾನ ಚಿನ್ನದ ನಾಣ್ಯ ಇದಕ್ಕೆ ಸಾಕ್ಷಿ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆ ನಾಣ್ಯ ಬಾಗ್ದಾದಿನ ಖಲೀಫ ಅಲ್-ಮನ್ಸೂರನ ದಿನಾರಿನ ನಕಲು. ಹಿಜರಿ 157 ಎಂಬ ವರ್ಷವೂ ಅರಬ್ಬೀ ಬರಹವೂ ಹಾಗೆಯೇ ಇವೆ, ನಡುವೆ ಲ್ಯಾಟಿನ್‌ನಲ್ಲಿ ರಾಜ ಆಫಾ ಎಂದಿದೆ, ಅರಬ್ಬೀ ಸಾಲುಗಳಿಗೆ ತಲೆಕೆಳಗಾಗಿ. ಅಚ್ಚು ಕೊರೆದವನಿಗೆ ಅರಬ್ಬೀ ಓದಲು ಬರುತ್ತಿರಲಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು. ದೂರದ ವ್ಯಾಪಾರಕ್ಕೆ ಮಾಡಿಸಿದ್ದು ಎನ್ನುವವರಿದ್ದಾರೆ, ಪೋಪ್‌ಗೆ ಕಳುಹಿಸುವ ಕಾಣಿಕೆಗೆ ಎನ್ನುವವರಿದ್ದಾರೆ. ಒಂದೇ ನಾಣ್ಯ, ಎರಡು ಓದು.

2009ರಲ್ಲಿ ಮರ್ಸಿಯಾದ ನಡುಭಾಗದಲ್ಲೇ, ಹ್ಯಾಮರ್‌ವಿಚ್ ಹತ್ತಿರ ಸಿಕ್ಕ ಸ್ಟಾಫರ್ಡ್‌ಶೈರ್ ನಿಧಿಯೂ ಹೀಗೆಯೇ. ಸುಮಾರು 4 ಕಿಲೋ ಚಿನ್ನ, ಕತ್ತಿಯ ಹಿಡಿಯಿಂದ ಕಿತ್ತ ಅಲಂಕಾರಗಳೇ ಹೆಚ್ಚು, ಕಾಲ ಏಳನೇ ಶತಮಾನ. ಅಕ್ಕಸಾಲಿಗರು ಆಭರಣದ ಮೇಲ್ಪದರದಿಂದ ಬೆಳ್ಳಿಯನ್ನು ತೆಗೆದು ಚಿನ್ನ ಅಪ್ಪಟವಾಗಿ ಕಾಣುವಂತೆ ಮಾಡಿದ್ದರು ಎಂದು ರಾಸಾಯನಿಕ ಪರೀಕ್ಷೆ ಹೇಳಿತು. ಹೂತವರು ಯಾರು, ಏಕೆ ಹೂತರು ಎಂದು ಯಾವ ಪರೀಕ್ಷೆಯೂ ಹೇಳಲಿಲ್ಲ. ಪ್ರತಿಯೊಂದು ಆಧಾರಕ್ಕೂ ಒಂದು ಅಳತೆ ಇದೆ. ಆ ಅಳತೆ ಮೀರಿ ಅದರ ಬಾಯಲ್ಲಿ ಮಾತು ತುರುಕಬಾರದು ಎಂಬುದೂ ಪಾಠದ ಭಾಗವೇ.

ನಮ್ಮ ತರಗತಿಗೆ ಇದೇಕೆ?

ಈಗ ಆಕ್ಷೇಪಗಳಿಗೆ ಬರೋಣ. ಸಮಯವಿಲ್ಲ ಎಂಬುದು ಮೊದಲನೆಯದು. ಪ್ರತಿ ಪಾಠಕ್ಕೂ ಹನ್ನೆರಡು ನಿಮಿಷ ಕೊಡಿ ಎಂದು ನಾನು ಕೇಳುತ್ತಿಲ್ಲ. ಒಂದು ಘಟಕಕ್ಕೆ ಒಂದೇ ಸಲ, ಒಂದೇ ಹೇಳಿಕೆಯನ್ನು ಹಿಡಿದು ಆಧಾರ ಕೇಳಿದರೆ ಸಾಕು.

ಎರಡನೆಯದು ಗಂಭೀರವಾದದ್ದು. ಪಠ್ಯದಲ್ಲಿರುವುದನ್ನೇ ಪ್ರಶ್ನಿಸಿದರೆ ಯಾವುದೂ ನಿಜವಲ್ಲ ಎಂದು ಮಕ್ಕಳು ಅಂದುಕೊಳ್ಳುವುದಿಲ್ಲವೇ? ಆಧಾರ ಕೇಳಿ ಅರ್ಧಕ್ಕೆ ಬಿಟ್ಟರೆ ಹಾಗಾಗಬಹುದು. ರೆಪ್ಟನ್ ಕಥೆಯಲ್ಲಿ ಪ್ರಶ್ನೆ ಕೇಳಿದ್ದರಿಂದ ರೇಡಿಯೊ ಕಾರ್ಬನ್ ವಿಧಾನ ಬಿದ್ದುಹೋಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಬೀಡ್ ಕೂಡ ಕಸದ ಬುಟ್ಟಿಗೆ ಹೋಗಲಿಲ್ಲ, ಯಾವ ಮಾತಿಗೆ ಅವರನ್ನು ನಂಬಬಹುದು ಎಂದು ತಿಳಿಯಿತು. ಮಕ್ಕಳಿಗೆ ಕೊನೆಯ ಈ ಹೆಜ್ಜೆಯನ್ನೂ ತೋರಿಸುವುದು ನಮ್ಮ ಹೊಣೆ.

ಮೂರನೆಯದು, ದೂರದ ಮರ್ಸಿಯಾ ಏಕೆ, ನಮ್ಮ ರಾಜರಿಲ್ಲವೇ? ಇದ್ದಾರೆ. ಪುಲಕೇಶಿ ಹರ್ಷನನ್ನು ತಡೆದ ಎಂದು ಸಾರುವ ಐಹೊಳೆ ಶಾಸನ, ಪೆಂಡಾನ ಕಾಲದಲ್ಲೇ, 634ರಲ್ಲಿ, ಪುಲಕೇಶಿಯ ಆಸ್ಥಾನದ ರವಿಕೀರ್ತಿ ರಚಿಸಿದ್ದು. ಬರೆದವರು ಯಾರು, ಯಾರ ಆಸ್ಥಾನದಲ್ಲಿ ಎಂಬ ಪ್ರಶ್ನೆಯನ್ನು ಅಲ್ಲೂ ಕೇಳಲೇಬೇಕು. ಆದರೆ ನಮ್ಮವರ ವಿಷಯ ಬಂದಾಗ ಮಕ್ಕಳಿಗೂ ನಮಗೂ ಅಭಿಮಾನ ಅಡ್ಡ ಬರುತ್ತದೆ. ಪ್ರಶ್ನೆ ಕೇಳುವುದೇ ಅಗೌರವ ಅನಿಸಿಬಿಡುತ್ತದೆ. ಪೆಂಡಾ ಗೆದ್ದರೂ ಸೋತರೂ ನಮ್ಮ ಊರಿನಲ್ಲಿ ಯಾರಿಗೂ ನೋವಿಲ್ಲ. ಈಜು ಕಲಿಯುವವರು ಮೊದಲು ಕಾಲು ನಿಲುಕುವ ನೀರಿಗೆ ಇಳಿಯುವಂತೆ, ಈ ಅಭ್ಯಾಸವನ್ನು ದೂರದ ರಾಜ್ಯದ ಮೇಲೆ ಮಾಡಿಕೊಂಡು ಆಮೇಲೆ ಮನೆಯ ಇತಿಹಾಸಕ್ಕೆ ಬರಬಹುದು.

ನನ್ನ ಕೋರಿಕೆ ಚಿಕ್ಕದು. ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಬೋಧನಾಂಶ, ಕಲಿಕಾನುಭವ, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿವೆ. ಬೋಧನಾಂಶದ ಪಕ್ಕದಲ್ಲಿ ಆಧಾರ ಎಂದು ಇನ್ನೊಂದು ಅಂಕಣ ಸೇರಿಸಿ. ಅದರಲ್ಲಿ ಪ್ರಶಿಕ್ಷಣಾರ್ಥಿ ಒಂದೇ ಸಾಲು ಬರೆಯಲಿ: ಇದು ಯಾವುದರಿಂದ ತಿಳಿಯಿತು, ಅದರ ಮಿತಿ ಏನು. ಆ ಸಾಲು ಬರೆಯಲು ಬಾರದಿದ್ದರೆ ಆ ಪಾಠ ನಮಗೇ ಪೂರ್ತಿ ತಿಳಿದಿಲ್ಲ ಎಂದು ಗೊತ್ತಾಗುತ್ತದೆ. ನನಗೆ ಹಾಗೆಯೇ ಗೊತ್ತಾಯಿತು. ಇನ್ನೊಂದು, ವಿಜ್ಞಾನದವರೂ ಇತಿಹಾಸದವರೂ ಸೇರಿ ಅಭ್ಯಾಸ ಬೋಧನೆಯಲ್ಲಿ ಒಂದು ಪಾಠವನ್ನಾದರೂ ಜೊತೆಯಾಗಿ ತೆಗೆದುಕೊಳ್ಳಲು ಅವಕಾಶ ಕೊಡಿ. ಚಿಯೋಲ್ವುಲ್ಫ್ ಬಗ್ಗೆ ವೃತ್ತಾಂತ ಹೇಳುವುದನ್ನು ಒಂದು ಚೀಟಿಯಲ್ಲಿ, ನಾಣ್ಯದ ಚಿತ್ರವನ್ನು ಇನ್ನೊಂದರಲ್ಲಿ, ವೃತ್ತಾಂತ ಬರೆದ ಕಾಲ ಮತ್ತು ಜಾಗವನ್ನು ಮೂರನೆಯದರಲ್ಲಿ ಬರೆದು ಗುಂಪುಗಳಿಗೆ ಒಂದೊಂದಾಗಿ ಕೊಟ್ಟರೆ, ಪ್ರತಿ ಚೀಟಿಗೂ ಮಕ್ಕಳ ಅಭಿಪ್ರಾಯ ಹೇಗೆ ಬದಲಾಗುತ್ತದೆ ಎಂದು ನಾವೇ ನೋಡಬಹುದು. ನಾನೂ ಗೆಳತಿಯೂ ಆ ಪಾಠ ಮಾಡಲು ಸಿದ್ಧರಿದ್ದೇವೆ.

ಅಭ್ಯಾಸ ಬೋಧನೆಯ ಕೊನೆಯ ದಿನ ಆ ಹುಡುಗಿ ಮತ್ತೆ ಸಿಕ್ಕಳು. ಮೂಳೆಯ ಕಥೆ ನೆನಪಿದೆಯಾ ಎಂದು ಕೇಳಿದೆ. "ನೆನಪಿದೆ ಮಿಸ್. ಆದ್ರೆ ಅವ್ರು ಮೀನು ತಿಂದಿದ್ರು ಅಂತ ಕಂಡುಹಿಡಿದ್ರಲ್ಲ, ಅದು ತಪ್ಪಾದ್ರೆ?" ಅಂದಳು. ಆ ಪ್ರಶ್ನೆಗೆ ವೀಕ್ಷಣಾ ಪುಸ್ತಕದಲ್ಲಿ ಅಂಕವಿಲ್ಲ. ಆ ತಿಂಗಳಲ್ಲಿ ನಾನು ಮಾಡಿದ ಪಾಠಗಳಲ್ಲಿ ಒಂದು ನಿಜವಾಗಿ ತಲುಪಿತು ಎಂದು ನನಗೆ ಗೊತ್ತಾದದ್ದು ಮಾತ್ರ ಅದರಿಂದಲೇ.